ಅಜ್ಜಿಗೊಂದು ಸ್ಟೂಲ್

ನಮ್ಮದು ಅಂಕೋಲಾ ತಾಲ್ಲೂಕಿನ ಒಂದು ಹಾಲಕ್ಕಿ ಕೊಪ್ಪ, ಅಂದರೆ ಹಾಲಕ್ಕಿ ಒಕ್ಕಲಿಗರ ಕೇರಿ. ನನ್ನ ಅಜ್ಜಿ ಸೂಲಗಿತ್ತಿ. ಎಷ್ಟು ಹೆರಿಗೆ ಮಾಡಿಸಿದ್ದಾಳೆ ಎಂಬ ಲೆಕ್ಕ ಅವಳಿಗೂ ಗೊತ್ತಿರಲಿಲ್ಲ. ಯಾರು ಯಾವ ಮಳೆಗಾಲದಲ್ಲಿ ಹುಟ್ಟಿದರು ಅಂತ ಕೇಳಿದರೆ ಮಾತ್ರ ಥಟ್ಟನೆ ಹೇಳುತ್ತಿದ್ದಳು.

ನಾನೀಗ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಹೆರಿಗೆ ಕೋಣೆಯ ಉಸ್ತುವಾರಿ ನೋಡಿಕೊಳ್ಳುತ್ತೇನೆ. ಪಿಯುಸಿ ಆದ ಮೇಲೆ ಎರಡು ವರ್ಷ ಎಎನ್ಎಂ (ಸಹಾಯಕ ನರ್ಸ್) ತರಬೇತಿ, ಆಮೇಲೆ ಉಪಕೇಂದ್ರದಲ್ಲಿ ಗುತ್ತಿಗೆ ಕೆಲಸ. ದುಡ್ಡು ಕೂಡಿಸಿ ಮೂರು ವರ್ಷ ಜಿಎನ್ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಓದಿದೆ. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿ ಸಮುದಾಯದವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹಾಲಕ್ಕಿಗಳನ್ನೂ ಸೇರಿಸಿ ಅಂತ ನಾವು ಕೇಳುತ್ತಲೇ ಇದ್ದೇವೆ. ಹಾಗಾಗಿ ಪಂಗಡದ ಸೀಟು ನನಗಿರಲಿಲ್ಲ. ಅದಕ್ಕಿಂತ ಕಷ್ಟವಾಗಿದ್ದು ಇಂಗ್ಲಿಷ್.

ಕಲಿಯುತ್ತಿದ್ದಾಗಿನ ಒಂದು ದಿನ ಮರೆತಿಲ್ಲ. ನಾನು ಡ್ಯೂಟಿಯಲ್ಲಿದ್ದ ಆಸ್ಪತ್ರೆಗೆ ಅಜ್ಜಿಯೇ ನಮ್ಮ ಕೊಪ್ಪದ ಹುಡುಗಿಯೊಬ್ಬಳನ್ನು ಕರೆದುಕೊಂಡು ಬಂದಳು. ಚೊಚ್ಚಲ ಹೆರಿಗೆ. ಅಜ್ಜಿಯ ಎದೆ ತುಂಬ ಮಣಿಸರ, ರವಿಕೆ ಇಲ್ಲ, ಹಾಲಕ್ಕಿ ಹೆಂಗಸರ ಹಳೆಯ ಉಡುಗೆ. ಬಾಗಿಲಲ್ಲೇ ತಡೆದರು. ಹುಡುಗಿ ಒಳಗೆ ಒಬ್ಬಳೇ ಅಂಗಾತ ಮಲಗಿ ಕೂಗುತ್ತಿದ್ದಳು. ಸುಮ್ನಿರು ಅಂತ ಗದರಿದರು. ಅಜ್ಜಿ ಹೊರಗೆ ನೆಲದ ಮೇಲೆ ರಾತ್ರಿಯಿಡೀ ಕೂತಿದ್ದಳು. ನಾನು ಒಂದು ಮಾತೂ ಆಡಲಿಲ್ಲ. ತಾಯಿ ಮಗು ಇಬ್ಬರೂ ಚೆನ್ನಾಗಿಯೇ ಮನೆಗೆ ಹೋದರು, ಆದರೆ ಆ ಹುಡುಗಿ ಎರಡನೇ ಸಲ ಬಸುರಿಯಾದಾಗ ಆಸ್ಪತ್ರೆ ಬೇಡ ಅಂತ ಹಟ ಹಿಡಿದಳು.

2021ರಲ್ಲಿ ಉಸ್ತುವಾರಿ ಸಿಕ್ಕಿತು. ನಾನು ಮಾಡಿದ ಮೊದಲ ಕೆಲಸ, ಹೆರುವವಳ ತಲೆಯ ಹತ್ತಿರ ಒಂದು ಸ್ಟೂಲ್ ಇಟ್ಟಿದ್ದು. ಜೊತೆಗೊಬ್ಬ ಹೆಂಗಸು ಇರಬಹುದು ಅಂತ ಸರ್ಕಾರದ ನಿಯಮವೇ ಇದೆ. ಹೆರಿಗೆ ಕೋಣೆಗಳನ್ನು ಸುಧಾರಿಸುವ 2017ರ 'ಲಕ್ಷ್ಯ' ಕಾರ್ಯಕ್ರಮದಲ್ಲೂ ಅದು ಸೇರಿದೆ. ಆದರೂ ಡಾಕ್ಟರು ಒಪ್ಪಲಿಲ್ಲ. ಸೋಂಕಾದರೆ? ಜನ ಜಾಸ್ತಿಯಾದರೆ? ಅವರ ಭಯ ಸುಳ್ಳಲ್ಲ. ಹಾಗಾಗಿ ಬಾಗಿಲಲ್ಲಿ ಒಂದು ಹಾಳೆ ಅಂಟಿಸಿದೆ: ಒಬ್ಬರೇ, ಹೆತ್ತು ಗೊತ್ತಿದ್ದವರು, ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆದು ಬರಬೇಕು. ಮಣಿ ತೆಗೆಯುವುದು ಬೇಡ, ಅದರ ಮೇಲೇ ಗೌನು. ಮೂರು ತಿಂಗಳು ನೋಡೋಣ ಅಂದರು ಡಾಕ್ಟರು. ಆ ಸ್ಟೂಲಿನಲ್ಲಿ ಮೊದಲು ಕೂತವಳು ನನ್ನ ಅಜ್ಜಿ.

ಅವಳಿಂದ ಕಲಿತದ್ದು ತುಂಬ ಇದೆ. ಅವಳು ಯಾರನ್ನೂ ಮಲಗಿಸುತ್ತಿರಲಿಲ್ಲ. ಜಂತಿಗೆ ಹಗ್ಗ ಕಟ್ಟಿ, ಅದನ್ನು ಹಿಡಿದು ಕುಕ್ಕರುಗಾಲಿನಲ್ಲಿ ಕೂರಿಸುತ್ತಿದ್ದಳು. ಮಲಗಿಸುವುದು ನಮ್ಮ ಅನುಕೂಲಕ್ಕೆ, ಅಲ್ವಾ? ಈಗ ನಮ್ಮ ಕೋಣೆಯಲ್ಲಿ ನೆಲಕ್ಕೊಂದು ಹಾಸಿಗೆ ಇದೆ, ಕಿಟಕಿ ಸರಳಿಗೆ ಗಟ್ಟಿ ಬಟ್ಟೆ ಕಟ್ಟಿದ್ದೇವೆ. ಬೇಕಾದವರು ನಡೆಯುತ್ತಾರೆ, ಮಂಡಿಯೂರುತ್ತಾರೆ. ಇನ್ನೊಂದು, ದನಿ. ಬೇನೆ ತಿನ್ನುವವಳ ದನಿ ಒಂದು ಹೊತ್ತಿನಲ್ಲಿ ಬದಲಾಗುತ್ತದೆ. ಗಂಟಲಿಂದ ಇಳಿದು ಹೊಟ್ಟೆಯೊಳಗಿಂದ ಬರುತ್ತದೆ. ಅಜ್ಜಿ "ತಂಗೀ, ಬಂತು" ಅನ್ನುತ್ತಿದ್ದಳು. ನಾನು ಕೈಗವಸು ಹಾಕಿ ನೋಡಿದರೆ ಗರ್ಭದ ಬಾಯಿ ಪೂರ್ತಿ ತೆರೆದು ಹತ್ತು ಸೆಂಟಿಮೀಟರ್ ಆಗಿರುತ್ತಿತ್ತು.

ಬಿಡಿಸಿದ್ದೂ ಇದೆ. ಹೊಟ್ಟೆ ಒತ್ತುವುದು, ಹೊಕ್ಕಳಿಗೆ ಬೂದಿ ಹಚ್ಚುವುದು, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು. ಇವು ಬೇಡವೇ ಬೇಡ ಅಂತ ಸುತ್ತಲಿನ ಮೂವರು ಸೂಲಗಿತ್ತಿ ಅಜ್ಜಿಯರನ್ನು ಕೂರಿಸಿ ಹೇಳಿದೆ. ಇಬ್ಬರು ಕೇಳಿದರು. ಒಬ್ಬರಿಗೆ ಸಿಟ್ಟು ಬಂತು, ಒಂದು ವರ್ಷ ನನ್ನ ಹತ್ತಿರ ಮಾತು ಬಿಟ್ಟರು.

ಹೆರಿಗೆ ಹೇಗೆ ಸಾಗುತ್ತಿದೆ ಅಂತ ತೋರಿಸುವ ಪಾರ್ಟೋಗ್ರಾಫ್ ಹಾಳೆಯ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಗರ್ಭದ ಬಾಯಿ ನಾಲ್ಕು ಸೆಂಟಿಮೀಟರ್ ಆದಲ್ಲಿಂದ ಹಾಳೆಯ ಮೇಲೆ ಗುರುತು ಹಾಕುತ್ತಾ ಹೋಗಬೇಕು. ಗಂಟೆಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಎಚ್ಚರಿಕೆಯ ಗೆರೆ ಎಳೆದಿರುತ್ತದೆ. ನಮ್ಮ ಗುರುತು ಆ ಗೆರೆಯ ಬಲಕ್ಕೆ ಜಾರಿದರೆ ತಡವಾಗುತ್ತಿದೆ ಅಂತ ಅರ್ಥ. ನಾಲ್ಕು ಗಂಟೆ ಆಚೆಗೆ ಇನ್ನೊಂದು ಗೆರೆ ಇದೆ. ಅಲ್ಲಿಯವರೆಗೆ ನಾನು ಕಾಯುವುದಿಲ್ಲ. ನಮ್ಮಲ್ಲಿ ರಕ್ತವಿಲ್ಲ, ಆಪರೇಷನ್ ಇಲ್ಲ. ಮೊದಲ ಗೆರೆ ದಾಟಿದ ಕೂಡಲೇ 108ಕ್ಕೆ ಫೋನು, ಕಾರವಾರದ ದೊಡ್ಡ ಆಸ್ಪತ್ರೆಗೆ ಮೊದಲೇ ಸುದ್ದಿ.

ಮಗು ಹುಟ್ಟಿದ ಒಂದು ನಿಮಿಷದೊಳಗೆ, ಒಳಗೆ ಇನ್ನೊಂದು ಮಗು ಇಲ್ಲ ಅಂತ ಖಾತ್ರಿ ಮಾಡಿಕೊಂಡು, ತಾಯಿಯ ತೊಡೆಗೆ ರಕ್ತಸ್ರಾವ ತಡೆಯಲು 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತೇವೆ. ಆದರೂ ಒಮ್ಮೆ ಹೀಗಾಯಿತು. ಮಾಸು ಬಿದ್ದು ಅರ್ಧ ಗಂಟೆಯಾಗಿತ್ತು. ನಾನು ಮಗುವಿನ ತೂಕ ಬರೆಯುತ್ತಿದ್ದೆ. ಸ್ಟೂಲಿನಲ್ಲಿದ್ದ, ಹೆತ್ತವಳ ಅತ್ತೆ, "ತಂಗೀ, ರಕ್ತ ನಿಂತಿಲ್ಲ ನೋಡು" ಅಂದರು. ಬಟ್ಟೆ ಎತ್ತಿ ನೋಡಿದರೆ ಎರಡು ಪ್ಯಾಡ್ ತೊಯ್ದು ಹಾಸಿಗೆಗೆ ಇಳಿದಿತ್ತು. ಗರ್ಭಕೋಶ ಮೆತ್ತಗಿತ್ತು. ತಿಕ್ಕಿ ಗಟ್ಟಿ ಮಾಡಿ, ಡ್ರಿಪ್ ಹಾಕಿ, ಆಂಬುಲೆನ್ಸ್ ಹತ್ತಿಸಿದೆವು. ಆಕೆ ಬದುಕಿದಳು. ಅಂದಿನಿಂದ ಜೊತೆಗೆ ಬಂದವರಿಗೆಲ್ಲ ಪ್ಯಾಡ್ ತೋರಿಸಿ, ಎಷ್ಟು ತೊಯ್ದರೆ ಕೂಗಬೇಕು ಅಂತ ಹೇಳಿಕೊಡುತ್ತೇನೆ. ಮೊದಲ ಎರಡು ಗಂಟೆ ನಾವೂ ಕಾಲು ಗಂಟೆಗೊಮ್ಮೆ ಹೊಟ್ಟೆ ಮುಟ್ಟಿ ನೋಡುತ್ತೇವೆ.

2024ರ ಜುಲೈ 16ರಂದು ನಮ್ಮ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋಯಿತು. ಜೀವ ಹೋದವರ ಸುದ್ದಿ ಒಂದೊಂದಾಗಿ ಬರುತ್ತಿದ್ದ ಆ ದಿನಗಳಲ್ಲೇ ಆಶಾ ಕಾರ್ಯಕರ್ತೆಯರ ಜೊತೆ ಕೂತು ತಾಯಿ ಕಾರ್ಡುಗಳನ್ನೆಲ್ಲ ತೆಗೆದೆ. ಎರಡು ವಾರದೊಳಗೆ ದಿನ ತುಂಬುವವರು ಯಾರು, ಯಾರಿಗೆ ರಕ್ತ ಕಡಿಮೆ, ಯಾರಿಗೆ ಮೊದಲು ಸಿಸೇರಿಯನ್ ಆಗಿದೆ. ಅಂಥವರನ್ನು ದೊಡ್ಡ ಆಸ್ಪತ್ರೆಗೆ ಹತ್ತಿರವಿರುವ ನೆಂಟರ ಮನೆಗೆ ಮೊದಲೇ ಕಳಿಸಿದೆವು. ಈಗ ಪ್ರತಿ ವರ್ಷ ಜೂನ್ ಮೊದಲ ವಾರವೇ ಈ ಪಟ್ಟಿ ಮಾಡುತ್ತೇನೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರರಲ್ಲಿ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ. ಸಿಸೇರಿಯನ್ ಶೇಕಡ 31.5. ಆಸ್ಪತ್ರೆಗೆ ಬಾ ಅಂತ ಕರೆಯುವ ಕೆಲಸ ಹೆಚ್ಚುಕಡಿಮೆ ಮುಗಿದಿದೆ. ಬಂದವಳನ್ನು ಹೇಗೆ ನೋಡಿಕೊಳ್ಳುತ್ತೇವೆ ಅನ್ನುವುದು ಬಾಕಿ ಇದೆ.

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಅಜ್ಜಿ ಟಿವಿ ಮುಂದೆ ಕೂತು, "ಈ ಕೆಲಸಕ್ಕೂ ಕೊಡ್ತಾರಾ?" ಅಂತ ಎರಡು ಸಲ ಕೇಳಿದ್ದಳು. ಅವಳು ಈಗಿಲ್ಲ. ಮಿಡ್‌ವೈಫರಿಯ, ಅಂದರೆ ಹೆರಿಗೆ ಮಾಡಿಸುವ ನರ್ಸುಗಳ, 18 ತಿಂಗಳ ತರಬೇತಿಗೆ ಹೋಗಬೇಕು ಅಂತ ನನಗೆ ಆಸೆಯಿದೆ. ಅಷ್ಟು ದಿನ ಕೋಣೆ ನೋಡಿಕೊಳ್ಳಲು ಒಬ್ಬ ಸಿದ್ದಿ ಹುಡುಗಿಯನ್ನು ತಯಾರು ಮಾಡುತ್ತಿದ್ದೇನೆ. ಗೆರೆ ಎಳೆಯುವುದು ಚೆನ್ನಾಗಿ ಬಂದಿದೆ. ದನಿ ಗುರುತಿಸುವುದನ್ನು, ಒಂದು ವರ್ಷ ಮಾತು ಬಿಟ್ಟಿದ್ದ ಆ ಅಜ್ಜಿಯೇ ಪಕ್ಕದಲ್ಲಿ ಕೂತು ಕಲಿಸುತ್ತಿದ್ದಾರೆ.