ಬೈರೂತ್‌ನ ಬೀದಿ ತಿಂಡಿ: ಗಂಟೆ ನೋಡಿಕೊಂಡು ಹೊರಡಿ

ಲೆಬನಾನ್‌ಗೆ ಹೋಗಿ ಹೋಟೆಲಿನ ಬಫೆಯಲ್ಲೇ ಹೊಟ್ಟೆ ತುಂಬಿಸಿಕೊಂಡು ಬಂದವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಅಲ್ಲಿ ಹೊತ್ತಿಗೊಂದು ತಿಂಡಿ, ತಿಂಡಿಗೊಂದು ಅಂಗಡಿ. ಆದ್ದರಿಂದ ಎಲ್ಲಿ ತಿನ್ನಬೇಕು ಎಂದು ಯೋಚಿಸುವ ಮೊದಲು ಗಂಟೆ ಎಷ್ಟಾಯಿತು ನೋಡಿ.

ಬೆಳಿಗ್ಗೆಯಾದರೆ 'ಫುರ್ನ್' ಹುಡುಕಿ. ಅಂದರೆ ಬಡಾವಣೆಯ ರೊಟ್ಟಿ ಒಲೆ. ಬೈರೂತ್‌ನಲ್ಲಿ ನಾಲ್ಕು ಬೀದಿ ಸುತ್ತಿದರೆ ಒಂದಾದರೂ ಸಿಗುತ್ತದೆ. ಅಲ್ಲಿ 'ಮನೂಶೆ' ಕೇಳಿ. ಸ್ವಲ್ಪ ಹೊತ್ತು ಒಲೆಯ ಮುಂದೆ ನಿಂತು ನೋಡಿ. ಹಿಟ್ಟನ್ನು ತಟ್ಟಿ, ಬೆರಳ ತುದಿಯಿಂದ ಒತ್ತಿ ಒತ್ತಿ ಗುಳಿ ಮಾಡುತ್ತಾರೆ. ಆ ಗುಳಿಗಳಲ್ಲಿ ಎಣ್ಣೆ ನಿಲ್ಲಬೇಕು, ಅದಕ್ಕೆ. ಮೇಲೆ ಝಾತರ್ ಸವರುತ್ತಾರೆ: ಒಣಗಿಸಿದ ಕಾಡು ಸೊಪ್ಪು, ಸುಮಾಕ್ ಎಂಬ ಹುಳಿ ಹಣ್ಣಿನ ಪುಡಿ, ಎಳ್ಳು, ಆಲಿವ್ ಎಣ್ಣೆ. ಕೆಲವೇ ನಿಮಿಷದಲ್ಲಿ ಅಂಚು ಉಬ್ಬಿ, ಎಳ್ಳು ಘಮ್ಮೆಂದು ಹೊರಗೆ ಬರುತ್ತದೆ. ಟೊಮೆಟೊ, ಸೌತೆಕಾಯಿ, ಪುದೀನ ಬೇಕೆಂದರೆ ಒಳಗಿಟ್ಟು ಮಡಚಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಹಿಂದೆಲ್ಲ ಮನೆಯವರೇ ಝಾತರ್ ಕಲಸಿ ತಂದು ಇಲ್ಲಿ ಸುಡಿಸಿಕೊಂಡು ಹೋಗುತ್ತಿದ್ದರಂತೆ. 2023ರಲ್ಲಿ ಯುನೆಸ್ಕೊ ಮನೂಶೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸಸ್ಯಾಹಾರಿಗಳೇ, ನಿಮಗೆ ಇದೇ ಮೊದಲ ಆಸರೆ.

ಮಧ್ಯಾಹ್ನ ಫಲಾಫೆಲ್. ದಮಾಸ್ಕಸ್ ರಸ್ತೆಯಲ್ಲಿ ಸಹ್ಯೂನ್ ಎಂಬ ಒಂದೇ ಹೆಸರಿನ ಎರಡು ಅಂಗಡಿಗಳು ಅಕ್ಕಪಕ್ಕದಲ್ಲಿವೆ. ಅಣ್ಣತಮ್ಮ ಬೇರೆಯಾದಾಗ ಅಂಗಡಿಯೂ ಎರಡಾಯಿತು. ಎರಡರಲ್ಲೂ ಒಂದೊಂದು ತಿಂದು ನೋಡಿ. ನಮ್ಮ ಆಂಬೊಡೆಯ ಹಾಗೆಯೇ ನೆನೆಸಿದ ಕಾಳನ್ನು ಬೇಯಿಸದೆ ರುಬ್ಬಿ ಕರಿಯುತ್ತಾರೆ. ಕಡಲೆಬೇಳೆಯ ಬದಲು ಕಾಬೂಲಿ ಕಡಲೆ, ಫಾವಾ ಕಾಳು ಅಷ್ಟೇ. ಮೇಲಿನಿಂದ ಎಳ್ಳಿನ ತರತೂರ್ ಸಾಸ್, ಬೀಟ್‌ರೂಟ್ ಹಾಕಿ ಗುಲಾಬಿ ಬಣ್ಣ ಬರಿಸಿದ ಟರ್ನಿಪ್ ಉಪ್ಪಿನಕಾಯಿ. ಬಾಣಲೆಯಿಂದ ಆಗಷ್ಟೇ ತೆಗೆದದ್ದನ್ನೇ ಕೇಳಿ ತಗೊಳ್ಳಿ. ಆರಿದ್ದು ಬೇಡ.

ಸಂಜೆ ಮಾಂಸ ತಿನ್ನುವವರು ಬುರ್ಜ್ ಹಮ್ಮೂದ್ ಕಡೆ ನಡೆಯಿರಿ. ಒಟ್ಟೊಮನ್ ಸಾಮ್ರಾಜ್ಯದಲ್ಲಿ ನಡೆದ 1915ರ ನರಮೇಧದಿಂದ ಪಾರಾಗಿ ಬಂದ ಆರ್ಮೇನಿಯನ್ನರು ಕಟ್ಟಿಕೊಂಡ ಬಡಾವಣೆ ಇದು. ತೆಳ್ಳನೆಯ ರೊಟ್ಟಿಯ ಮೇಲೆ ಖೀಮಾ ಹಚ್ಚಿ ಸುಟ್ಟ ಲಹ್ಮಾಜುನ್, ಸುಜುಕ್ ಎಂಬ ಖಾರದ ಸಾಸೇಜಿನ ಸ್ಯಾಂಡ್‌ವಿಚ್ ಇಲ್ಲಿನ ವಿಶೇಷ. ರಾತ್ರಿ ಶವರ್ಮಾ ಬೇಕಾದರೆ ಹಮ್ರಾ ಬಡಾವಣೆಗೆ ಹೋಗಿ, ಅಲ್ಲಿನ 'ಬಾರ್ಬರ್' ಎಂಬ ತಿಂಡಿ ಅಂಗಡಿ ತಡರಾತ್ರಿಯವರೆಗೂ ತೆರೆದಿರುತ್ತದೆ. ಕೋಳಿಯ ಶವರ್ಮಾಕ್ಕೆ 'ತೂಮ್' ಹಚ್ಚುತ್ತಾರೆ. ಬೆಂಗಳೂರಿನಲ್ಲಿ ಸಿಗುವ ಮೇಯನೇಸ್ ಥರ ಅಲ್ಲ ಇದು. ಬೆಳ್ಳುಳ್ಳಿ, ಎಣ್ಣೆ, ನಿಂಬೆರಸ, ಉಪ್ಪು ಇಷ್ಟನ್ನೇ ಬೆಣ್ಣೆಯಂತಾಗುವವರೆಗೆ ಅರೆದಿರುತ್ತಾರೆ.

ಮಾಂಸ ಬೇಡವೆಂದರೆ 'ಬಲಾ ಲಹ್ಮೆ' ಅನ್ನಿ. ಬೆಳ್ಳುಳ್ಳಿ ಬೇಡವೆಂದರೆ 'ಬಲಾ ತೂಮ್'. ಸುಮ್ನೆ ತಲೆಯಾಡಿಸಬೇಡಿ, ಬಾಯಿಬಿಟ್ಟು ಹೇಳಿ. 2019ರ ಆರ್ಥಿಕ ಕುಸಿತದ ನಂತರ ಲೆಬನಾನ್ ಪೌಂಡಿನ ಬೆಲೆ ಪಾತಾಳಕ್ಕೆ ಹೋಗಿದೆ. ಡಾಲರ್ ಎಲ್ಲೆಡೆ ನಡೆಯುತ್ತದೆ. 1, 5 ಡಾಲರ್‌ನ ಚಿಲ್ಲರೆ ನೋಟು ಜಾಸ್ತಿ ಇಟ್ಟುಕೊಳ್ಳಿ. ಟಿಕೆಟ್ ಮಾಡಿಸುವ ಮೊದಲು ಭಾರತದ ರಾಯಭಾರ ಕಚೇರಿಯ ಸೂಚನೆಯನ್ನು ಖಂಡಿತ ಓದಿ. ಅಲ್ಲಿನ ಪರಿಸ್ಥಿತಿ ಬೇಗ ಬೇಗ ಬದಲಾಗುತ್ತದೆ.

ಇನ್ನೊಂದು ದಿನ ಕೈಯಲ್ಲಿದ್ದರೆ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದ ಟ್ರಿಪೋಲಿಗೆ ಹೋಗಿ. ಹಳೇ ಪೇಟೆಯಲ್ಲಿ ಮುತ್ತಿನಂಥ ರವೆಯ ಉಂಡೆಗಳನ್ನು ಕಡಲೆಕಾಳಿನ ಜೊತೆ ರೊಟ್ಟಿಯಲ್ಲಿ ಸುತ್ತಿಕೊಡುವ ಮೊಗ್ರಬಿಯೆ ಸಿಗುತ್ತದೆ. ಅದು ಆದ ಮೇಲೆ ಹಲಾವತ್ ಅಲ್ ಜಿಬ್ನ್. ಚೀಸ್, ರವೆ ಬೆರೆಸಿ ಲಟ್ಟಿಸಿದ ಹಾಳೆಯೊಳಗೆ ಕೆನೆ ಇಟ್ಟು ಸುರುಳಿ ಸುತ್ತಿ, ಪಾಕ ಸುರಿದು ತಣ್ಣಗೆ ಕೊಡುತ್ತಾರೆ. ಪಾರ್ಸೆಲ್ ಬೇಡ, ಅಲ್ಲೇ ನಿಂತು ತಿನ್ನಿ. ಬೈರೂತ್ ತಲುಪುವಷ್ಟರಲ್ಲಿ ಕೆನೆ ನೀರಾಗಿಬಿಡುತ್ತದೆ.