ಮುರಿಯದ ಸ್ನ್ಯಾಪ್ ಫಿಟ್ ಕೊಕ್ಕೆ: ಲೆಕ್ಕದಿಂದ ಮಾಡೆಲ್‌ವರೆಗೆ

ಪ್ಲಾಸ್ಟಿಕ್ ಮುಚ್ಚಳವೊಂದು ಸ್ಕ್ರೂ, ಅಂಟು ಯಾವುದೂ ಇಲ್ಲದೆ ಟಕ್ಕೆಂದು ಕೂರಬೇಕಾದರೆ ಸ್ನ್ಯಾಪ್ ಫಿಟ್ ಬೇಕು: ಬಾಗುವ ತೋಳು, ಅದರ ತುದಿಯಲ್ಲಿ ಸಿಕ್ಕಿಕೊಳ್ಳುವ ತಲೆ ಇರುವ ಕೊಕ್ಕೆ. ಹೊಸಬರು ಕ್ಯಾಡ್ (ಕಂಪ್ಯೂಟರ್ ವಿನ್ಯಾಸದ ತಂತ್ರಾಂಶ) ತೆರೆದ ಕೂಡಲೇ ಕೊಕ್ಕೆಯ ತಲೆ ಬಿಡಿಸಿ, ಉಳಿದ ಜಾಗದಲ್ಲಿ ತೋಳನ್ನು ತುರುಕುತ್ತಾರೆ. ಅಸೆಂಬ್ಲಿಯಲ್ಲಿ ಮುರಿಯುವ ಎಷ್ಟೋ ಕೊಕ್ಕೆಗಳು ಹೀಗೆ ಹುಟ್ಟಿದವು. ಮೊದಲು ತೋಳಿನ ಉದ್ದ ನಿಗದಿಯಾಗಬೇಕು, ತಲೆ ಆಮೇಲೆ.

ತೋಳಿನ ಲೆಕ್ಕ

ಬೇಕಾದ ಅಳತೆಗಳು ನಾಲ್ಕು: ತೋಳಿನ ಉದ್ದ, ಬುಡದ ದಪ್ಪ, ಅಗಲ ಮತ್ತು ಬಾಗು. ಒಳಹೋಗುವಾಗ ಕೊಕ್ಕೆಯ ತುದಿ ಪಕ್ಕಕ್ಕೆ ಎಷ್ಟು ಸರಿಯಬೇಕೋ ಅದೇ ಬಾಗು. ಉದ್ದಕ್ಕೂ ಒಂದೇ ದಪ್ಪವಿರುವ ತೋಳಿನ ಬುಡದಲ್ಲಿ ಬೀಳುವ ಸ್ಟ್ರೇನ್, ಅಂದರೆ ಪ್ಲಾಸ್ಟಿಕ್ ತನ್ನ ಮೂಲ ಉದ್ದದ ಎಷ್ಟು ಪಾಲು ಹಿಗ್ಗುತ್ತದೆ ಎಂಬುದು, ಹೀಗೆ:

ಸ್ಟ್ರೇನ್ = 1.5 × ದಪ್ಪ × ಬಾಗು ÷ ಉದ್ದದ ವರ್ಗ

ಪಾಲಿಕಾರ್ಬೊನೇಟ್ ತೋಳು 12 ಮಿ.ಮೀ. ಉದ್ದ, 1.5 ಮಿ.ಮೀ. ದಪ್ಪ, ಬಾಗು 1.2 ಮಿ.ಮೀ. ಎಂದುಕೊಳ್ಳಿ. ಸ್ಟ್ರೇನ್ ಸುಮಾರು ಶೇ. 1.9. ಗಾಜಿನ ನಾರು ಬೆರೆಸದ ಪಾಲಿಕಾರ್ಬೊನೇಟ್ ಒಂದೇ ಸಲದ ಜೋಡಣೆಗೆ ಶೇ. 4ರವರೆಗೆ ತಡೆಯುತ್ತದೆ. ಪದೇ ಪದೇ ತೆರೆದು ಮುಚ್ಚುವುದಿದ್ದರೆ ಅದರ ಶೇ. 60ನ್ನು, ಅಂದರೆ ಶೇ. 2.4ನ್ನು ಮಿತಿಯಾಗಿ ಇಟ್ಟುಕೊಳ್ಳಬೇಕು. ಈ ತೋಳು ಪಾಸು. ಜಾಗ ಸಾಲದೆಂದು ಉದ್ದವನ್ನು 8 ಮಿ.ಮೀ.ಗೆ ಇಳಿಸಿದರೆ ಸ್ಟ್ರೇನ್ ಶೇ. 4.2ಕ್ಕೆ ಹಾರುತ್ತದೆ, ಮೊದಲ ಸಲ ಒತ್ತುವಾಗಲೇ ಬುಡ ಬಿಳಿಚಿಕೊಳ್ಳಬಹುದು, ಇಲ್ಲವೇ ಮುರಿಯಬಹುದು. ಉದ್ದ ವರ್ಗವಾಗಿ ಕೆಲಸ ಮಾಡುವುದರಿಂದ ಒಂದೆರಡು ಮಿ.ಮೀ. ಸಿಕ್ಕರೂ ಬಿಡಬೇಡಿ. ನೇರ ಉದ್ದ ಸಿಗದಿದ್ದರೆ ತೋಳಿನ ಎರಡೂ ಬದಿ ಗೋಡೆಗೆ ಸೀಳು ಕೊಟ್ಟು ತೋಳಿನ ಬುಡವನ್ನು ಕೆಳಕ್ಕೆ ಇಳಿಸಿ, ಅಥವಾ ತೋಳನ್ನು ಇಂಗ್ಲಿಷಿನ ‘ಯು’ ಅಕ್ಷರದಂತೆ ಮಡಚಿ.

ಸೂತ್ರದಲ್ಲಿ ಅಗಲ ಇಲ್ಲವೇ ಇಲ್ಲ, ಗಮನಿಸಿ. ಮುರಿಯುತ್ತಿದೆ ಎಂದು ಕೊಕ್ಕೆಯನ್ನು ಅಗಲ ಮಾಡಿದರೆ ಒತ್ತುವ ಬಲ ಹೆಚ್ಚುತ್ತದೆ, ಸ್ಟ್ರೇನ್ ಕೂದಲೆಳೆಯಷ್ಟೂ ಇಳಿಯುವುದಿಲ್ಲ. ದಪ್ಪ ಮಾಡಿದರಂತೂ ಇನ್ನೂ ಬೇಗ ಮುರಿಯುತ್ತದೆ. ಬದಲಿಗೆ ದಪ್ಪವನ್ನು ಬುಡದಿಂದ ತುದಿಗೆ ಅರ್ಧಕ್ಕೆ ಇಳಿಸಿ. ಮೇಲಿನ ಉದಾಹರಣೆಯಲ್ಲಿ ಅದೇ ಬಾಗಿಗೆ ಸ್ಟ್ರೇನ್ ಶೇ. 1.15ಕ್ಕೆ ಬರುತ್ತದೆ, ಏಕೆಂದರೆ ಬಾಗುವ ಕೆಲಸವನ್ನು ಬುಡವೊಂದೇ ಹೊರದೆ ಇಡೀ ತೋಳು ಹಂಚಿಕೊಳ್ಳುತ್ತದೆ.

ಬೆರಳಿಗೆ ಎಷ್ಟು ಭಾರ?

ತುದಿಯನ್ನು ಬಾಗಿಸುವ ಬಲ = ಅಗಲ × ದಪ್ಪದ ವರ್ಗ × ಮಾಡ್ಯುಲಸ್ × ಸ್ಟ್ರೇನ್ ÷ (6 × ಉದ್ದ). ಮಾಡ್ಯುಲಸ್ ಎಂದರೆ ವಸ್ತು ಎಷ್ಟು ಗಡುಸು ಎಂಬ ಅಳತೆ. ಮೊದಲಿನ ಸಮದಪ್ಪದ ತೋಳಿಗೆ 6 ಮಿ.ಮೀ. ಅಗಲ, 2200 ಮೆಗಾಪ್ಯಾಸ್ಕಲ್ ಮಾಡ್ಯುಲಸ್ ಹಿಡಿದರೆ ಸುಮಾರು 7.7 ನ್ಯೂಟನ್. ಒತ್ತುವ ಬಲ ಇದಕ್ಕಿಂತ ಬೇರೆ. ಅದು ತಲೆಯ ಇಳಿಜಾರು ಮತ್ತು ಘರ್ಷಣೆಯ ಮೇಲೆ ನಿಂತಿದೆ. ಒಳಹೋಗುವ ಮುಖಕ್ಕೆ 30 ಡಿಗ್ರಿ, ಘರ್ಷಣಾಂಕ 0.4 ಇದ್ದರೆ ಒಂದು ಕೊಕ್ಕೆಗೆ ಸುಮಾರು 10 ನ್ಯೂಟನ್, ನಾಲ್ಕಕ್ಕೆ 40. ಹಿಡಿಯುವ ಮುಖ 45 ಡಿಗ್ರಿ ಇದ್ದರೆ ಎಳೆದು ಬಿಡಿಸಲು ಕೊಕ್ಕೆಗೆ ಸುಮಾರು 18 ನ್ಯೂಟನ್ ಬೇಕು. ಇದೇ ಘರ್ಷಣೆಯಲ್ಲಿ 68 ಡಿಗ್ರಿ ದಾಟಿತೆಂದರೆ ಎಳೆದರೆ ಬಿಡುವುದಿಲ್ಲ, ಮುರಿಯುತ್ತದೆ. ಆಗ ತೋಳನ್ನು ಹಿಂದಕ್ಕೆ ತಳ್ಳಲು ಬೆರಳಿಗೋ ಸ್ಕ್ರೂಡ್ರೈವರ್‌ಗೋ ಜಾಗ ಬಿಡಲೇಬೇಕು.

ಮಾಡೆಲ್ ಮಾಡುವಾಗ

ಉದ್ದ, ದಪ್ಪ, ಅಗಲ, ಬಾಗು, ಎರಡು ಕೋನ, ಸಡಿಲ (ಭಾಗಗಳ ನಡುವೆ ಬಿಡುವ ಸಂದು): ಇವೆಲ್ಲವನ್ನೂ ಹೆಸರಿಟ್ಟ ಪ್ಯಾರಾಮೀಟರ್‌ಗಳಾಗಿ ಮೊದಲೇ ಬರೆದಿಡಿ. ಫ್ರೀಕ್ಯಾಡ್‌ನಲ್ಲಾದರೆ ಸ್ಪ್ರೆಡ್‌ಶೀಟ್‌ನ ಒಂದು ಕೋಶದಲ್ಲಿ ಸ್ಟ್ರೇನ್ ಸೂತ್ರವನ್ನೂ ಹಾಕಿಟ್ಟರೆ, ಅಳತೆ ಬದಲಿಸಿದಾಗಲೆಲ್ಲ ಉತ್ತರ ಕಣ್ಣ ಮುಂದಿರುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ಸಿದ್ಧ ಸ್ನ್ಯಾಪ್ ಹುಕ್ ಫೀಚರ್ ಇದೆ. ಆಕಾರ ಬೇಗ ಬರುತ್ತದೆ, ಸ್ಟ್ರೇನ್ ಲೆಕ್ಕ ನಿಮ್ಮದೇ.

ತೋಳಿನ ಸ್ಕೆಚ್ಚನ್ನು ಅಡ್ಡಕೊಯ್ತದಲ್ಲಿ ಬಿಡಿಸಿ, ಎರಡೂ ಬದಿಗೆ ಸಮನಾಗಿ ಅಗಲಕ್ಕೆ ಎಳೆಯಿರಿ, ಅಂದರೆ ಎಕ್ಸ್‌ಟ್ರೂಡ್ ಮಾಡಿ. ಬಾಗುವಾಗ ಎಳೆತಕ್ಕೆ ಸಿಗುವ ಬದಿಯ ಬುಡಕ್ಕೆ ದಪ್ಪದ ಅರ್ಧದಷ್ಟು ಫಿಲೆಟ್ (ಮೂಲೆಯ ದುಂಡು) ಕೊಡಿ, 1.5 ಮಿ.ಮೀ.ಗೆ 0.75. ಚೂಪಾದ ಮೂಲೆಯಲ್ಲಿ ಒತ್ತಡ ಒಂದೆಡೆ ಜಮಾಯಿಸಿ ಬಿರುಕು ಅಲ್ಲಿಂದಲೇ ಏಳುತ್ತದೆ. ಫಿಲೆಟ್ ಅತಿಯಾದರೂ ಬುಡದಲ್ಲಿ ಪ್ಲಾಸ್ಟಿಕ್ ಗುಡ್ಡೆಯಾಗಿ ಹೊರಮೈಯಲ್ಲಿ ಸಿಂಕ್ ಗುಳಿ ಬೀಳುತ್ತದೆ.

ಆಮೇಲೆ ತೋಳನ್ನು ಪೂರ್ತಿ ಬಾಗಿದ ಸ್ಥಿತಿಯಲ್ಲೂ ಒಂದು ಸಲ ಬಿಡಿಸಿ ನೋಡಿ. ತೋಳಿನ ಹಿಂದೆ ಬಾಗಿಗಿಂತ ಕನಿಷ್ಠ 0.3 ಮಿ.ಮೀ. ಹೆಚ್ಚು ಜಾಗ ಇರಲಿ. ರಿಬ್ಬೋ ಸರ್ಕ್ಯೂಟ್ ಬೋರ್ಡೋ ಅಡ್ಡ ನಿಂತಿರುವುದು ಇಲ್ಲೇ ಸಿಕ್ಕಿಬೀಳುತ್ತದೆ.

ಕೂತ ಮೇಲೆ ಕೊಕ್ಕೆ ನೆಟ್ಟಗೆ ನಿಲ್ಲಬೇಕು, ಬಾಗಿಯೇ ಉಳಿಯಬಾರದು. ಸದಾ ಬಾಗಿದ ಪ್ಲಾಸ್ಟಿಕ್ ದಿನಕಳೆದಂತೆ ಸೋತು ಹಿಡಿತ ಬಿಡುತ್ತದೆ. ಪಾಲಿಕಾರ್ಬೊನೇಟ್ ಆದರೆ, ಎಣ್ಣೆಯಂಶ ತಾಗಿದಾಗ ಬಿರುಕೂ ಬಿಡಬಹುದು. ಮುಚ್ಚಳವನ್ನು ಸರಿಯಾದ ಜಾಗದಲ್ಲಿ ಕೂರಿಸುವ ಹೊಣೆಯನ್ನೂ ಕೊಕ್ಕೆಗೆ ಹೊರಿಸಬೇಡಿ. ಅದಕ್ಕೆ ಅಂಚಿನ ತುಟಿ, ರಿಬ್, ಪಿನ್ ಇರಲಿ.

ಅಚ್ಚು ಮತ್ತು ಪ್ರಿಂಟರ್

ಕೊಕ್ಕೆಯ ತಲೆಯ ಅಡಿಯಲ್ಲಿ ಅಚ್ಚಿಗೆ ಸಿಕ್ಕಿಕೊಳ್ಳುವ ಭಾಗವಿದೆ. ಅದರ ನೇರ ಕೆಳಗೆ ತಳದಲ್ಲಿ ಒಂದು ಕಿಂಡಿ ಬಿಟ್ಟರೆ ಅಚ್ಚಿನ ಎದುರು ಭಾಗವೇ ಅಲ್ಲಿಗೆ ಬಂದು ಮುಖ ರೂಪಿಸುತ್ತದೆ, ಸ್ಲೈಡರ್ (ಪಕ್ಕಕ್ಕೆ ಸರಿಯುವ ಅಚ್ಚಿನ ತುಂಡು) ಖರ್ಚು ಉಳಿಯುತ್ತದೆ. ಒಂದಕ್ಕೊಂದು ಉಜ್ಜುವ ಅಚ್ಚಿನ ಆ ಮುಖಗಳಿಗೆ 3 ಡಿಗ್ರಿ ಡ್ರಾಫ್ಟ್ (ಓರೆ) ಕೊಡಿ. ಕರಗಿದ ಪ್ಲಾಸ್ಟಿಕ್ಕಿನ ಎರಡು ಹರಿವು ಕೂಡುವ ಗೆರೆ, ಅಂದರೆ ವೆಲ್ಡ್ ಲೈನ್, ಬುಡದ ಮೇಲೆ ಬೀಳದಂತೆ ಗೇಟಿನ (ಪ್ಲಾಸ್ಟಿಕ್ ಅಚ್ಚಿಗೆ ಒಳಬರುವ ಬಾಯಿಯ) ಜಾಗ ಆರಿಸಿ. ನೈಲಾನ್ ಭಾಗ ಅಚ್ಚಿನಿಂದ ಬಂದ ಕೂಡಲೇ ಒಣಗಿದ್ದು ಗಡುಸಾಗಿರುತ್ತದೆ, ತೇವ ಹೀರಿದ ಮೇಲೆ ಚೆನ್ನಾಗಿ ಬಾಗುತ್ತದೆ. ಬಿಸಿಬಿಸಿಯಾಗಿ ಜೋಡಿಸಿ ಮುರಿದಾಗ ವಿನ್ಯಾಸವನ್ನು ಬಯ್ಯುವ ಮುನ್ನ ಇದನ್ನು ನೋಡಿ.

ತಂತು ಕರಗಿಸುವ ತ್ರಿಡಿ ಪ್ರಿಂಟರ್‌ನಲ್ಲಾದರೆ ತೋಳನ್ನು ಮಲಗಿಸಿ ಪ್ರಿಂಟ್ ಮಾಡಿ. ನಿಲ್ಲಿಸಿದರೆ ಪದರಗಳು ಬುಡದಲ್ಲೇ ಬಿಟ್ಟುಕೊಳ್ಳುತ್ತವೆ. ಪಿಎಲ್‌ಎ ಪ್ಲಾಸ್ಟಿಕ್ ಬೇಗ ಮುರಿಯುತ್ತದೆ, ಪಿಇಟಿಜಿ ವಾಸಿ. ಸಡಿಲ 0.2ರಿಂದ 0.3 ಮಿ.ಮೀ. ಇರಲಿ.

ಅಚ್ಚು ಮಾಡಿಸುವುದಾದರೆ ಮೊದಲ ಸುತ್ತಿನಲ್ಲಿ ಕೊಕ್ಕೆಯ ಹಿಡಿತವನ್ನು ಬೇಕೆಂದೇ ಸ್ವಲ್ಪ ಕಡಿಮೆ ಇಡಿ. ಅಚ್ಚಿನ ಉಕ್ಕನ್ನು ಇನ್ನಷ್ಟು ಕೊರೆದು ಕೊಕ್ಕೆಯನ್ನು ದೊಡ್ಡದು ಮಾಡುವುದು ಸಲೀಸು. ಚಿಕ್ಕದು ಮಾಡಬೇಕಾದರೆ ಉಕ್ಕನ್ನು ವೆಲ್ಡ್ ಮಾಡಿ ತುಂಬಬೇಕು, ಇಲ್ಲವೇ ಅಚ್ಚಿನೊಳಗೆ ಕೂರಿಸಿದ ಆ ತುಂಡನ್ನೇ (ಇನ್ಸರ್ಟ್) ಬದಲಿಸಬೇಕು.