ಸ್ಟಾಂಪಿಂಗ್ ಇಲ್ಲದ ಸ್ಟೇಟರ್: ಗಾಳಿಯಂತ್ರಕ್ಕೆ ಕಾಯಿಲ್ ಸುತ್ತಿದ ನನ್ನ ಅನುಭವ

“ಸ್ಟಾಂಪಿಂಗ್ ಇಲ್ದ ಕರೆಂಟ್ ಹೆಂಗ್ ಬರ್ತೈತ್ರೀ?” ನಮ್ಮ ಮುಂಡರಗಿ ಕಡೆಯ ಮೋಟಾರ್ ರಿವೈಂಡಿಂಗ್‌ನವರು ಕೇಳಿದ್ದು ಇದೊಂದೇ ಮಾತು. ಸ್ಟಾಂಪಿಂಗ್ ಅಂದರೆ ಮೋಟಾರಿನಲ್ಲಿ ಕಾಯಿಲ್ ಕೂರಿಸುವ ಕಬ್ಬಿಣದ ತೆಳು ಹಾಳೆಗಳ ಕಟ್ಟು. ನನ್ನ ಗಾಳಿಯಂತ್ರದ ಸ್ಟೇಟರ್‌ನಲ್ಲಿ, ಅಂದರೆ ತಿರುಗದೆ ನಿಲ್ಲುವ ಕಾಯಿಲ್ ಭಾಗದಲ್ಲಿ, ಅದು ಇಲ್ಲ. ಈಗ ಆಷಾಢದ ಗಾಳಿಗೆ ಅದೇ ಸ್ಟೇಟರ್ 24 ವೋಲ್ಟ್ ಬ್ಯಾಟರಿಗೆ ಹತ್ತು ಆಂಪಿಯರ್ ತನಕ ಕೊಡುತ್ತಿದೆ. ರೆಕ್ಕೆ ಸುಮಾರು ಎಂಟು ಅಡಿ ವ್ಯಾಸದ್ದು. ಹೊಲದ ಮನೆಯ ಲೈಟು, ಫ್ಯಾನು, ಟಿವಿ ಎಲ್ಲ ಇದರಲ್ಲೇ.

ತಿರುಗುವ ಎರಡು ತಟ್ಟೆ, ಒಂದೊಂದಕ್ಕೆ 12 ಮ್ಯಾಗ್ನೆಟ್, ನಡುವೆ ನಿಂತ 9 ಕಾಯಿಲ್, ಮೂರು ಫೇಸ್ (ಮೂರು ಮೂರು ಕಾಯಿಲ್‌ನ ಗುಂಪು). ನಿಯೋಡಿಮಿಯಂ ಮ್ಯಾಗ್ನೆಟ್, 46×30×10 ಮಿ.ಮೀ., ಎಲ್ಲಕ್ಕೂ ಸೇರಿ ಏಳೆಂಟು ಸಾವಿರ ಹೋಯಿತು. ತಲೆನೋವು ಇದ್ದದ್ದು ಎಷ್ಟು ಸುತ್ತು ಹಾಕಬೇಕು ಅನ್ನುವುದರಲ್ಲಿ. ಬೇರೆಯವರ ಲೆಕ್ಕ ನೋಡಿ ಸುತ್ತಲೇಬೇಡಿ. ಅವರ ಮ್ಯಾಗ್ನೆಟ್ ಬೇರೆ, ತಟ್ಟೆಗಳ ನಡುವಿನ ಗ್ಯಾಪ್ ಬೇರೆ. ನಾನು 20 ಸುತ್ತಿನ ಒಂದೇ ಕಾಯಿಲ್ ಮಾಡಿ, ಕೊನೆಗೆ ಇಡುವಷ್ಟೇ ಗ್ಯಾಪ್ ಇಟ್ಟು, ತಟ್ಟೆಗಳನ್ನು ಲೇಥ್‌ನಲ್ಲಿ 100 ಆರ್‌ಪಿಎಂಗೆ (ನಿಮಿಷಕ್ಕೆ 100 ಸಲ) ತಿರುಗಿಸಿದೆ. ಹೆಚ್ಚುಕಡಿಮೆ 0.6 ವೋಲ್ಟ್ ಬಂತು. ಅಂದರೆ 150 ಆರ್‌ಪಿಎಂನಲ್ಲಿ ತಂತಿಯ ಒಂದೊಂದು ಸುತ್ತಿಗೆ 0.045 ವೋಲ್ಟ್. ಮೂರು ಕಾಯಿಲ್ ಸೀರೀಸ್ (ಒಂದರ ಹಿಂದೆ ಒಂದು), ಮೇಲೆ ಸ್ಟಾರ್ (ಮೂರೂ ಫೇಸ್‌ನ ಒಂದೊಂದು ತುದಿ ಒಟ್ಟಿಗೆ ಸೇರಿಸುವುದು), ಆಮೇಲೆ ಎಸಿಯನ್ನು ಡಿಸಿ ಮಾಡುವ ಡಯೋಡ್‌ನಲ್ಲಿ ಹೋಗುವ ವೋಲ್ಟ್ ಕಳೆದರೆ 80 ಸುತ್ತಿಗೆ ಸುಮಾರು 25 ವೋಲ್ಟ್ ಡಿಸಿ. ಚಾರ್ಜಿಂಗ್ ಶುರುವಾಗಲು ಅಷ್ಟು ಸಾಕು.

ದುಡ್ಡು ಹಾಳಾದದ್ದು ತಂತಿಯಲ್ಲಿ. 17 ಗೇಜ್ (ದಪ್ಪದ ಅಳತೆ) ತಂತಿ ಒಂದು ಕಡೆ ಅಗ್ಗಕ್ಕೆ ಸಿಕ್ಕಿತು. ಸುತ್ತಿದ ಕಾಯಿಲ್ ಕಾಲು ಕೆಜಿ ಹತ್ತಿರ ತೂಗಬೇಕು, ತಕ್ಕಡಿಯಲ್ಲಿ ನೂರು ಗ್ರಾಂ ಕೂಡ ಬರಲಿಲ್ಲ. ಬ್ಲೇಡಿನಿಂದ ತಂತಿ ಮೇಲಿನ ಎನಾಮಲ್ ಕೆರೆದಾಗ ಕೆಂಪು ಕಂಡಿತು. ಇನ್ನೂ ಸ್ವಲ್ಪ ಕೆರೆದೆ, ಬೆಳ್ಳಗೆ ಹೊಳೆಯಿತು. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ! ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಅಸಲಿ ತಾಮ್ರ ಎರಡೂಕಾಲು ಕೆಜಿ ಬೇಕಾಯಿತು, ಕೆಜಿಗೆ ಸಾವಿರದ ಆಸುಪಾಸು. ಈಗ ಅಂಗಡಿಯಲ್ಲೇ ಕೆರೆದು ನೋಡಿ ದುಡ್ಡು ಕೊಡುತ್ತೇನೆ.

ಮಧ್ಯೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಒಂದೊಂದು ಕಾಯಿಲ್‌ನ ನಡುವಿನ ತೂತಿಗೆ ಕಬ್ಬಿಣದ ತುಂಡು ಇಟ್ಟೆ. ವೋಲ್ಟೇಜ್ ಏರಿತು ನಿಜ, ಆದರೆ ಮ್ಯಾಗ್ನೆಟ್ ಆ ಕಬ್ಬಿಣವನ್ನು ಎಳೆದು ತಟ್ಟೆ ಕಚ್ಚಿಕೊಂಡು ನಿಂತಿತು. ಸಣ್ಣ ಗಾಳಿಗೆ ರೆಕ್ಕೆ ಅಲ್ಲಾಡಲೇ ಇಲ್ಲ. ಕಬ್ಬಿಣ ಇಲ್ಲದಿರುವುದೇ ಇದರ ದೊಡ್ಡ ಲಾಭ, ರಿವೈಂಡಿಂಗ್‌ನವರಿಗೆ ಈಗ ಅದನ್ನೇ ತಿರುಗಿಸಿ ತೋರಿಸುತ್ತೇನೆ. ಸ್ಟಾರ್ ಬದಲು ಡೆಲ್ಟಾ ಕನೆಕ್ಷನ್ (ಮೂರು ಫೇಸ್ ತ್ರಿಕೋನವಾಗಿ ಸೇರಿಸುವುದು) ಕೂಡ ನೋಡಿದೆ. ಲೋಡ್ ಇಲ್ಲದಿದ್ದರೂ ಒಳಗೇ ಕರೆಂಟ್ ಸುತ್ತಿ ಕಾಯಿಲ್ ಬಿಸಿಯಾಯಿತು, ಅಲ್ಲಿಗೇ ಬಿಟ್ಟೆ.

ಕಾಯಿಲ್ ಸುತ್ತುವ ಅಚ್ಚು, ಅಂದರೆ ಫಾರ್ಮಾ, ಪ್ಲೈವುಡ್‌ನದು, ಎರಡು ಪಕ್ಕೆಗೂ ಸೀಳು, ಟೇಪ್ ತೂರಿಸಿ ಕಟ್ಟಲು. ಎಲ್ಲ ಕಾಯಿಲ್ ಒಂದೇ ದಿಕ್ಕಿಗೆ ಸುತ್ತಿ, ಶುರುವಿನ ತುದಿ ಗುರುತಿಗೆ ಸ್ಲೀವ್ (ತಂತಿ ಮೇಲೆ ತೂರಿಸುವ ಕೊಳವೆ) ಹಾಕಿ. ಸುತ್ತು ಸಡಿಲವಾಗದ ಹಾಗೆ ಫಾರ್ಮಾ ಬಿಚ್ಚುವ ಉಪಾಯ ಒಂದಿದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ. ಕಾಯಿಲ್‌ಗಳನ್ನು ಜೋಡಿಸಿ, ರೆಸಿನ್‌ಗೆ ಟಾಲ್ಕಂ ಪೌಡರ್ ಕಲಸಿ ಮೇಲೆ ಹುಯ್ದೆ, ಸ್ಟೇಟರ್ 13 ಮಿ.ಮೀ. ದಪ್ಪ ಬಂತು.

ಕಂಬದಿಂದ ಮನೆಗೆ ಕೇಬಲ್ ಉದ್ದ ಜಾಸ್ತಿ, ಅದರಲ್ಲೇ ವೋಲ್ಟೇಜ್ ಬೀಳುತ್ತಿದೆ. ವೋಲ್ಟೇಜ್ ಹೆಚ್ಚಿದರೆ ಕೇಬಲ್‌ನಲ್ಲಿ ಕರೆಂಟ್ ಕಡಿಮೆ, ನಷ್ಟವೂ ಕಡಿಮೆ. ಹಾಗಾಗಿ ಈಗ 48 ವೋಲ್ಟ್‌ಗೆ ಹೊಸ ಸ್ಟೇಟರ್ ಸುತ್ತುತ್ತಿದ್ದೇನೆ: 19 ಗೇಜ್ (17ಕ್ಕಿಂತ ತೆಳು), 160 ಸುತ್ತು, ಅದೇ ಫಾರ್ಮಾ.